ಲಂಡನ್ ಪೇಟೆಯಲ್ಲಿ ಒಂದು ದಿನ

‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯನ್ನು ಶ್ರೀಮಠದ ಶಾಲೆಯಲ್ಲಿ ಕಲಿತವರೆಲ್ಲರೂ ಎಂದಾದರೊಂದು ದಿನ ಕಾಪಿ ಪುಸ್ತಕದಲ್ಲಿ ದುಂಡಗೆ ಬರೆದವರೇ ಆಗಿದ್ದಾರೆ. ಗಾದೆಯು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ಎರಡೂ ಸಮಾನವಾಗಿ ಸುಲಭವೆಂಬ ಭಾವನೆ ಬಾಲಕರಲ್ಲಿ ಮೂಡುವುದು ಸಹಜ. ಕೋಶವನ್ನು ಓದುವುದಕ್ಕೆ ವಾಚನಾಲಯವಿದೆ, ದೀಪವಿದೆ, ಗುರುಗಳಿದ್ದಾರೆ; ಬಡವನ ಮಗನೂ ಬಲ್ಲಿದನ ಮಗನೂ ಅಲ್ಲಿ ಒಂದೇ ಚಾಪೆಯ ಮೇಲೆ ಕುಳಿತು ಓದಬಹುದು. ದೇಶವನ್ನು ಸುತ್ತುವುದಕ್ಕಾದರೋ ಹಣ ಬೇಕು. ಹಣವಿದ್ದವನು ಹೋಗುತ್ತಾನೆ, ಇಲ್ಲದವನು ಹೋಗಿಬಂದವನ ಮಾತನ್ನು ಕೇಳಿ ಸುಮ್ಮನಾಗುತ್ತಾನೆ. ಈ ಸ್ಮರಣ ಸಂಚಿಕೆಗಾಗಿ ವಿದೇಶ ಪ್ರವಾಸದ ಅನುಭವವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದಾಗ ನನ್ನ ಮನಸ್ಸಿನಲ್ಲಿ ಮೊದಲು ಎದ್ದ ವಿಚಾರವೇ ಇದು. ಆದ್ದರಿಂದ ಕಂಡದ್ದನ್ನು ಬಣ್ಣಿಸುವುದರ ಜೊತೆಗೆ ಅದರ ಬೆಲೆಯನ್ನೂ ಓದುಗ ಮಹನೀಯರ ಮುಂದೆ ಇಡುವುದು ಉಚಿತವೆಂದು ಭಾವಿಸಿದ್ದೇನೆ.

ನಮ್ಮ ಸೀಮೆಯವರು ವಿದ್ಯೆಗಾಗಿ ಊರು ಬಿಟ್ಟು ಹೋಗುವುದು ಹೊಸ ಸಂಗತಿಯಲ್ಲ. ಹಾನಗಲ್ಲ ವಿರಕ್ತಮಠದ ಪೂಜ್ಯ ಶ್ರೀ ಕುಮಾರ ಶಿವಯೋಗಿಗಳು 1909ರಲ್ಲಿ ಬಾದಾಮಿಯ ಸಮೀಪ ಶಿವಯೋಗಮಂದಿರವನ್ನು ಸ್ಥಾಪಿಸಿದ ಕಾಲಕ್ಕೆ ಮಲಪ್ರಭೆಯ ದಡವೇ ಇಲ್ಲಿಯ ಬಾಲಕರಿಗೆ ಪರದೇಶವಾಗಿತ್ತು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಅಂಧ ಬಾಲಕನೊಬ್ಬನ ಕಂಠವನ್ನು ಗುರುತಿಸಿ, ಅವನ ಸಂಗೀತ ಶಿಕ್ಷಣಕ್ಕೆ ಏರ್ಪಾಡು ಮಾಡಿ, ನಾಡಿಗೆ ಪಂಚಾಕ್ಷರ ಗವಾಯಿಗಳನ್ನು ಕೊಟ್ಟವರೂ ಆ ಪೂಜ್ಯರೇ. ಆ ಬಾಲಕನನ್ನು ಯಾರೂ ಪ್ರವಾಸದ ವೆಚ್ಚ ಕೇಳಲಿಲ್ಲ. ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕೆಂದು ಮೃತ್ಯುಪತ್ರದ ಮೂಲಕ ಬಿಟ್ಟುಕೊಟ್ಟರು. ಗೋಕಾಕ ಸೀಮೆಯ ಮಮದಾಪುರದ ಡಿ. ಸಿ. ಪಾವಟೆಯವರು ಕೇಂಬ್ರಿಜ್ಜಿಗೆ ಹೋಗಿ ಗಣಿತದಲ್ಲಿ ರ್‍ಯಾಂಗ್ಲರ್ ಎನಿಸಿ ಮರಳಿದರು. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದು ಅದನ್ನು ಕಟ್ಟಿ ಬೆಳೆಸಿದರು. ಆಗ ಒಬ್ಬರು ವರ್ಷಗಟ್ಟಲೆ ಹೋಗಿ ಬಂದು ಸಾವಿರಾರು ಜನರಿಗೆ ಉಪಕಾರ ಮಾಡುತ್ತಿದ್ದರು. ಈಗ ಇಪ್ಪತ್ತು ಜನ ಒಂದು ವಾರ ಹೋಗಿ ಬರುತ್ತಾರೆ. ಅದರಿಂದ ಯಾರಿಗೆ ಉಪಕಾರವಾಗುತ್ತದೆಂಬ ಪ್ರಶ್ನೆಗೆ ನಾವು ಉತ್ತರ ಕೊಡಲೇಬೇಕಾಗಿದೆ.

ನಾನು ವಾಣಿಜ್ಯ ಶಾಸ್ತ್ರ ಬೋಧಿಸುವ ಕಾಲೇಜಿನಿಂದ 2023ರ ಜೂನ್ ತಿಂಗಳಲ್ಲಿ 18 ಜನ ವಿದ್ಯಾರ್ಥಿಗಳು ಲಂಡನ್ ನಗರಕ್ಕೆ ಅಧ್ಯಯನ ಪ್ರವಾಸ ಕೈಕೊಂಡರು. ಅವರ ಜೊತೆಗೆ ಹೋಗುವ ಹೊಣೆ ನನ್ನ ಪಾಲಿಗೆ ಬಂದಿತು. ಅದೇ ತರಗತಿಯ ಉಳಿದ ವಿದ್ಯಾರ್ಥಿಗಳು ಹಣದ ಅಡಚಣೆಯಿಂದ ಊರಲ್ಲೇ ಉಳಿದರು. ಹೊರಡುವ ಮುನ್ನ ಒಂದು ನಿಯಮ ಮಾಡಿದೆವು: ಉಳಿದವರಲ್ಲಿ ಪ್ರತಿಯೊಬ್ಬರೂ ಒಂದೊಂದು ಪ್ರಶ್ನೆಯನ್ನು ಬರೆದು ಹೋಗುವವರ ಕೈಯಲ್ಲಿ ಕೊಡಬೇಕು, ಹೋದವರು ಅದಕ್ಕೆ ಉತ್ತರ ಹುಡುಕಿ ತರಬೇಕು. ಆ ಪ್ರಶ್ನೆಗಳ ಚೀಟಿಗಳು ನಮ್ಮ ಪಾಸಪೋರ್ಟುಗಳಷ್ಟೇ ಜೋಪಾನವಾಗಿ ಲಂಡನ್ನಿಗೆ ಬಂದವು. ಇಡೀ ವಾರದಲ್ಲಿ ಹೆಚ್ಚು ಫಲ ಕೊಟ್ಟದ್ದು ಮೂರನೆಯ ದಿನ. ಆ ಒಂದು ದಿನದ ವೃತ್ತಾಂತವನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಬೆಳಗಿನ ಹತ್ತು ಗಂಟೆಗೆ ಬ್ಯಾಂಕ್ ಆಫ್ ಇಂಗ್ಲೆಂಡಿನ ವಸ್ತುಸಂಗ್ರಹಾಲಯದ ಬಾಗಿಲಲ್ಲಿದ್ದೆವು. ಅಲ್ಲಿಗೆ ಪ್ರವೇಶ ಶುಲ್ಕವಿಲ್ಲ. ಈ ಬ್ಯಾಂಕು 1694ರಲ್ಲಿ ಹುಟ್ಟಿದ್ದು ಒಂದು ಸಾಲದಿಂದ. ಫ್ರಾನ್ಸಿನೊಡನೆ ಯುದ್ಧದಲ್ಲಿ ತೊಡಗಿದ್ದ ಇಂಗ್ಲೆಂಡಿನ ಸರಕಾರಕ್ಕೆ 12 ಲಕ್ಷ ಪೌಂಡುಗಳ ಸಾಲ ಬೇಕಾಗಿತ್ತು. ಅದನ್ನು ಕೂಡಿಸಿಕೊಟ್ಟ ವರ್ತಕರಿಗೆ ಬ್ಯಾಂಕು ನಡೆಸುವ ಸನ್ನದು ದೊರೆಯಿತು. ಇಂದು ಅದರ ನೆಲಮಾಳಿಗೆಗಳಲ್ಲಿ ಅನೇಕ ದೇಶಗಳಿಗೆ ಸೇರಿದ ಸುಮಾರು 4 ಲಕ್ಷ ಚಿನ್ನದ ಗಟ್ಟಿಗಳಿವೆ. ಅಂಥದೊಂದು ಗಟ್ಟಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇರಿಸಿ, ನೋಡಲು ಬಂದವರು ರಂಧ್ರದೊಳಗೆ ಕೈ ತೂರಿಸಿ ಎತ್ತಿ ನೋಡಲು ಅನುಕೂಲ ಮಾಡಿದ್ದಾರೆ. ಅದರ ತೂಕ ಸುಮಾರು 13 ಕಿಲೋಗ್ರಾಂ. ಹುಡುಗರು ಸಾಲಾಗಿ ನಿಂತು ಎತ್ತಿ ನಕ್ಕರು. 1991ರ ಸಂಗತಿಯನ್ನು ಹೇಳುವುದಕ್ಕೆ ಅದೇ ಸರಿಯಾದ ಸ್ಥಳವೆಂದು ನನಗೆ ತೋರಿತು. ಆ ವರ್ಷ ನಮ್ಮ ದೇಶದ ವಿದೇಶಿ ವಿನಿಮಯದ ಸಂಗ್ರಹ ಬರಿದಾಗುತ್ತ ಬಂದು, ಆಮದಿನ ಬಾಕಿ ತೀರಿಸುವುದೇ ದುಸ್ತರವಾಯಿತು. ಆಗ ರಿಜರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ವಿಮಾನದಲ್ಲಿ ಸಾಗಿಸಿ, ಈ ಬ್ಯಾಂಕಿನಲ್ಲಿ ಒತ್ತೆ ಇರಿಸಿ, ಸಾಲ ತರಬೇಕಾಯಿತು. ಆ ಸಾಲ ಬೇಗನೆ ತೀರಿತು. ನಾವು ಅಲ್ಲಿ ನಿಂತಿದ್ದ ಆರ್ಥಿಕ ವರ್ಷದಲ್ಲಿಯೇ, ಅಂದರೆ 2023–24ರಲ್ಲಿ, ಇಂಗ್ಲೆಂಡಿನಲ್ಲಿ ಇಟ್ಟಿದ್ದ ನಮ್ಮ ಚಿನ್ನದಲ್ಲಿ ಸುಮಾರು 100 ಟನ್ನನ್ನು ಭಾರತಕ್ಕೆ ಮರಳಿ ತರಲಾಯಿತೆಂದು ಅನಂತರ ತಿಳಿದುಬಂದಿತು.

ಈ ಮಾತು ಮುಗಿಯುವಷ್ಟರಲ್ಲಿ ಸಾಲಿನ ಕೊನೆಯಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ಗಟ್ಟಿಯನ್ನು ಎತ್ತದೆಯೇ ಕೈ ಹಿಂದಕ್ಕೆ ತೆಗೆದುಕೊಂಡಳು.

“ಯಾಕವ್ವಾ, ಭಾಳ ಭಾರ ಐತೇನು?” ಎಂದು ಕೇಳಿದೆ.

“ಇದಲ್ರೀ ಸರ್. ನಮ್ಮವ್ವನ ಬೋರಮಾಳ ಸೊಸಾಯಿಟಿಯೊಳಗ ಒತ್ತಿ ಇಟ್ಟು ನಾ ಇಲ್ಲಿಗೆ ಬಂದೀನ್ರಿ. ದೇಶದ್ದು ಬಿಡಿಸಿಕೊಂಡ್ರು. ನಮ್ಮದು ಬಿಡಿಸೂದು ನನ್ನ ಕೈಯಾಗೈತ್ರಿ” ಎಂದಳು.

ಆಕೆಯ ತಂದೆಗೆ ಮಳೆಯಾಶ್ರಯದ ನಾಲ್ಕು ಎಕರೆ ಭೂಮಿ. ಮುಂಗಾರಿನ ಬಿತ್ತನೆಗೆಂದು ಬಂಗಾರ ಒತ್ತೆ ಇಡುವುದು ನಮ್ಮ ಕಡೆಯ ಮನೆಗಳಲ್ಲಿ ಯಾರಿಗೂ ಹೊಸದಲ್ಲ. ಮಗಳ ಒಂದು ವಾರದ ಪ್ರವಾಸಕ್ಕೂ ಆ ಮನೆ ಅದನ್ನೇ ಬಿತ್ತನೆಯೆಂದು ಬಗೆದಿತ್ತು. ಬಿತ್ತಿದ್ದು ಬೆಳೆಯುವುದೋ ಇಲ್ಲವೋ ಎಂಬ ಹೊಣೆಯನ್ನು ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಪರದೇಶದಲ್ಲಿ ಹೊತ್ತು ತಿರುಗುತ್ತಿದ್ದಳು. ಆ ಮಾತನ್ನು ಕೇಳಿದ ಮೇಲೆ ಸಂಗಡಿಗರ ನಗೆ ತಾನಾಗಿಯೇ ನಿಂತಿತು. ಅಲ್ಲಿಂದ ಮುಂದೆ ನಮ್ಮ ಗುಂಪಿನವರು ನೋಡಿದ ನೋಟವೇ ಬೇರೆಯಾಯಿತೆಂದು ಹೇಳಿದರೆ ಅತಿಶಯೋಕ್ತಿಯಲ್ಲ.

ಭಂಡಾರವೆಂದೊಡನೆ ಶರಣರ ಮಕ್ಕಳಿಗೆ ನೆನಪಾಗುವುದು ಭಂಡಾರಿ ಬಸವಣ್ಣನವರು. ಅವರು ಬಿಜ್ಜಳನ ಭಂಡಾರದ ಹಣವನ್ನು ಜಂಗಮ ದಾಸೋಹಕ್ಕೆ ಬಳಸುತ್ತಿದ್ದಾರೆಂದು ದೂರು ಬಂದಿತಂತೆ. ಲೆಕ್ಕ ತೆಗೆದು ನೋಡಿದಾಗ ಒಂದು ಹೊನ್ನೂ ಕಡಿಮೆಯಿರಲಿಲ್ಲವೆಂದು ನಮ್ಮ ಪರಂಪರೆ ಹೇಳುತ್ತದೆ. ಆ ಕಥೆಯಲ್ಲಿ ಪವಾಡವನ್ನು ಕಾಣುವವರು ಕಾಣಲಿ. ವಾಣಿಜ್ಯದ ಶಿಕ್ಷಕನಾದ ನನಗೆ ಅದರಲ್ಲಿ ಕಾಣುವುದು ಲೆಕ್ಕ ತೋರಿಸಲು ಹಿಂಜರಿಯದ ಅಧಿಕಾರಿ. ಪರರ ಹಣವನ್ನು ಕಾಯುವವನ ಮೊದಲ ಗುಣವು ಬುದ್ಧಿವಂತಿಕೆಯಲ್ಲ. ಯಾವ ಕ್ಷಣದಲ್ಲಿ ಕೇಳಿದರೂ ಪುಸ್ತಕವನ್ನು ತೆರೆದು ಮುಂದಿಡುವ ನಿರ್ಭೀತಿ.

ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಲಾಯ್ಡ್ಸ್ ಸಂಸ್ಥೆಯ ಕಟ್ಟಡ. ಮುಂಚಿತವಾಗಿ ಪತ್ರ ಬರೆದು ಅಪ್ಪಣೆ ಪಡೆದಿದ್ದೆವು. 1986ರಲ್ಲಿ ಪೂರ್ಣಗೊಂಡ ಈ ಕಟ್ಟಡದ ಕೊಳವೆಗಳು, ಲಿಫ್ಟುಗಳು, ಮೆಟ್ಟಿಲುಗಳು ಎಲ್ಲವೂ ಹೊರಮೈಯಲ್ಲಿವೆ. ಸಂಸ್ಥೆಯ ಮೂಲವು 17ನೆಯ ಶತಮಾನದ ಕೊನೆಯಲ್ಲಿ ಎಡ್ವರ್ಡ್ ಲಾಯ್ಡ್ ಎಂಬಾತನು ನಡೆಸುತ್ತಿದ್ದ ಕಾಫಿ ಅಂಗಡಿ. ಹಡಗಿನ ಒಡೆಯರೂ ವರ್ತಕರೂ ಅಲ್ಲಿ ಕೂಡುತ್ತಿದ್ದರು. ಒಂದು ಹಡಗು ಮುಳುಗಿದರೆ ಅದರ ಒಡೆಯನೊಬ್ಬನೇ ಹಾಳಾಗಬಾರದು, ಹತ್ತಾರು ಜನ ತಮ್ಮ ತಮ್ಮ ಪಾಲಿಗೆ ಬಂದಷ್ಟು ನಷ್ಟವನ್ನು ಹಂಚಿಕೊಳ್ಳಬೇಕು. ಅದಕ್ಕಾಗಿ ಅವರಿಗೆ ಮೊದಲೇ ಸ್ವಲ್ಪ ಹಣ ಸಲ್ಲಬೇಕು. ವಿಮೆಯ ತತ್ವವೆಲ್ಲ ಇಷ್ಟೇ. ವಿಮೆ ಮಾಡಿಸುವವನು ತನ್ನ ಹಡಗಿನ ಲೋಪಗಳನ್ನು ಮುಚ್ಚಿಡದೆ ಹೇಳಬೇಕು. ಮುಚ್ಚಿಟ್ಟರೆ ಒಪ್ಪಂದವೇ ನಿಲ್ಲದು. 1799ರಲ್ಲಿ ಮುಳುಗಿದ ಲೂಟೀನ್ ಎಂಬ ಹಡಗಿನ ಗಂಟೆಯನ್ನು ಅಲ್ಲಿಯ ಸಭಾಂಗಣದ ನಡುವೆ ತೂಗುಹಾಕಿದ್ದಾರೆ. ಹಿಂದೆ ಹಡಗು ಕಳೆದ ವಾರ್ತೆ ಬಂದರೆ ಅದನ್ನು ಒಂದು ಸಲ, ಕ್ಷೇಮದಿಂದ ಮರಳಿದ ವಾರ್ತೆ ಬಂದರೆ ಎರಡು ಸಲ ಬಾರಿಸುತ್ತಿದ್ದರು. ಕಳೆದುಹೋದ ಹಡಗುಗಳ ಹೆಸರನ್ನು ದೊಡ್ಡ ಪುಸ್ತಕವೊಂದರಲ್ಲಿ ಗರಿಯ ಲೇಖನಿಯಿಂದ ಬರೆದಿಡುವ ಸಂಪ್ರದಾಯವೂ ಅಲ್ಲಿದೆ.

ಊರಲ್ಲಿ ಉಳಿದ ವಿದ್ಯಾರ್ಥಿಯೊಬ್ಬನ ಚೀಟಿಯಲ್ಲಿ “ಅವರ ಶ್ರೀಮಂತಿಕೆ ಎಲ್ಲಿಂದ ಬಂದಿತು?” ಎಂಬ ಪ್ರಶ್ನೆಯಿತ್ತು. ಉತ್ತರವು ಅದೇ ನೆಲದಡಿಯಲ್ಲಿತ್ತು. ಲಾಯ್ಡ್ಸ್ ಕಟ್ಟಡ ನಿಂತಿರುವ ಸ್ಥಳದಲ್ಲಿಯೇ ಹಿಂದೆ ಈಸ್ಟ್ ಇಂಡಿಯಾ ಕಂಪನಿಯ ಮುಖ್ಯ ಕಚೇರಿಯಿತ್ತು. 1600ರಲ್ಲಿ ಸನ್ನದು ಪಡೆದ ಆ ಕಂಪನಿಯು ನಮ್ಮ ನಾಡನ್ನು ಹೇಗೆ ಆಳಿತೆಂಬುದು ಎಲ್ಲರಿಗೂ ತಿಳಿದ ವಿಷಯ. ಆಫ್ರಿಕದ ಜನರನ್ನು ಗುಲಾಮರನ್ನಾಗಿ ಸಾಗಿಸಿದ ಹಡಗುಗಳಿಗೂ ವಿಮೆ ಇಳಿಸಲಾಗುತ್ತಿತ್ತು. ಆ ವ್ಯಾಪಾರದಲ್ಲಿ ತನಗಿದ್ದ ಪಾಲಿಗಾಗಿ ಲಾಯ್ಡ್ಸ್ ಸಂಸ್ಥೆಯು 2020ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿತು. 1781ರಲ್ಲಿ ಲಿವರ್‌ಪೂಲ್ ವರ್ತಕರ ಜಾಂಗ್ ಎಂಬ ಹಡಗಿನವರು 130ಕ್ಕೂ ಹೆಚ್ಚು ಗುಲಾಮರನ್ನು ಜೀವಂತವಾಗಿ ಸಮುದ್ರಕ್ಕೆ ಎಸೆದರು. ಅನಂತರ ಒಡೆಯರು ಅದನ್ನು ಸರಕಿನ ನಷ್ಟವೆಂದು ತೋರಿಸಿ ವಿಮೆಯ ಹಣಕ್ಕಾಗಿ ನ್ಯಾಯಾಲಯಕ್ಕೆ ಹೋದರು. ನಷ್ಟವನ್ನು ಹಂಚಿಕೊಳ್ಳುವ ಉದಾತ್ತ ತತ್ವವೂ ಮನುಷ್ಯನನ್ನು ಸರಕಾಗಿ ಬರೆಯುವ ಕ್ರೌರ್ಯವೂ ಒಂದೇ ಪೇಟೆಯಲ್ಲಿ, ಒಂದೇ ಶಾಯಿಯಲ್ಲಿ ನಡೆದವು. ಲೆಕ್ಕ ಸರಿಯಾಗಿದ್ದ ಮಾತ್ರಕ್ಕೆ ಕಾಯಕ ಶುದ್ಧವಾಗುವುದಿಲ್ಲವೆಂಬ ಪಾಠಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ನಮ್ಮವರು ಮಾತ್ರ ನಿರ್ದೋಷಿಗಳೆಂದು ಬೀಗುವುದಕ್ಕೂ ಎಡೆಯಿಲ್ಲ. 1861ರಿಂದ 1865ರವರೆಗೆ ಅಮೇರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತುಹೋದಾಗ, ಇಂಗ್ಲೆಂಡಿನ ಗಿರಣಿಗಳ ಕಣ್ಣು ಧಾರವಾಡ ಜಿಲ್ಲೆಯ ಎರೆಭೂಮಿಯ ಮೇಲೆ ಬಿದ್ದಿತು. ಹೇರೆತ್ತುಗಳ ಮೇಲೆ ಘಟ್ಟ ಇಳಿದು ಕುಮಟಾ ಬಂದರದಿಂದ ಹೋಗುತ್ತಿದ್ದ ಹತ್ತಿಗೆ ಪರದೇಶದ ಪೇಟೆಯಲ್ಲಿ ‘ಕುಮಟಾ’ ಎಂಬ ಹೆಸರೇ ನಿಂತಿತು. ಬೆಲೆ ಏರಿದಂತೆ ಹತ್ತಿಗೆ ನೀರು ಚಿಮುಕಿಸುವ, ಕಾಳು ಕಸ ಬೆರೆಸುವ ಚಾಳಿಯೂ ಬೆಳೆಯಿತು. ಅದನ್ನು ತಡೆಯಲು ಮುಂಬಯಿ ಸರಕಾರವು 1863ರಲ್ಲಿ ಹತ್ತಿ ಮೋಸ ತಡೆಯುವ ಕಾಯಿದೆಯನ್ನೇ ತರಬೇಕಾಯಿತು. ಅಂದು ನಮ್ಮ ಜಿಲ್ಲೆಯು ಲಂಡನ್ನನ್ನು ನೋಡಿರಲಿಲ್ಲ; ಆದರೆ ಅದರ ಕೀರ್ತಿ ಅಪಕೀರ್ತಿಗಳೆರಡೂ ಆ ಪೇಟೆಗಳನ್ನು ಮುಟ್ಟಿದ್ದವು.

ಮಧ್ಯಾಹ್ನ ಲಂಡನ್ ಸೇತುವೆಯನ್ನು ದಾಟಿ ಬರೋ ಮಾರ್ಕೆಟ್ ಎಂಬ ಹಳೆಯ ಸಂತೆಗೆ ಬಂದೆವು. 18ನೆಯ ಶತಮಾನದಲ್ಲಿ ಪಾರ್ಲಿಮೆಂಟು ಆ ಸಂತೆಯನ್ನು ಎತ್ತಿಸಿದಾಗ, ಅಲ್ಲಿಯ ನಿವಾಸಿಗಳೇ ಹಣ ಕೂಡಿಸಿ ಭೂಮಿ ಕೊಂಡು 1756ರಲ್ಲಿ ಅದನ್ನು ಮತ್ತೆ ನೆಲೆಗೊಳಿಸಿದರು. ಇಂದಿಗೂ ಅದು ಯಾವನೊಬ್ಬ ವರ್ತಕನ ಸ್ವತ್ತಲ್ಲ. ಧರ್ಮದರ್ಶಿಗಳ ಮಂಡಳಿಯೊಂದು ಅದನ್ನು ಸಾರ್ವಜನಿಕ ದತ್ತಿಯಾಗಿ ನಡೆಸುತ್ತದೆ. ಮಠದ ಭೂಮಿಯಲ್ಲಿ ಸಂತೆ ಕೂಡುವುದನ್ನು ಕಂಡು ಬೆಳೆದವರಿಗೆ ಈ ಏರ್ಪಾಡು ತೀರ ಅಪರಿಚಿತವೆನಿಸಲಿಲ್ಲ. ಮೆಣಸಿನಪುಡಿಯ ಅಂಗಡಿಯೊಂದರ ಮುಂದೆ ನಮ್ಮ ಹುಡುಗರು ತಡೆದು ನಿಂತರು. ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಅದರ ಖಾರ ಕಡಿಮೆ, ಬಣ್ಣ ಗಾಢ. ಆ ಬಣ್ಣವನ್ನು ಎಣ್ಣೆಯ ರೂಪದಲ್ಲಿ ಹಿಂಡಿ ತೆಗೆದು ತಿನಿಸುಗಳಿಗೂ ತುಟಿಯ ಬಣ್ಣಕ್ಕೂ ಬಳಸುತ್ತಾರೆ, ಹೊರದೇಶಗಳಿಗೂ ಕಳಿಸುತ್ತಾರೆ. ನಮ್ಮ ಹೊಲದ್ದೆಂದು ಹೆಮ್ಮೆ ಪಡುವ ಈ ಬೆಳೆಯೂ 16ನೆಯ ಶತಮಾನದಲ್ಲಿ ಪೋರ್ತುಗೀಸರ ಹಡಗಿನಲ್ಲಿ ಅಮೇರಿಕ ಖಂಡದಿಂದ ಬಂದದ್ದು. ಪರದೇಶದಿಂದ ಬಂದದ್ದು ಮನೆಯದಾಗಿ, ಮನೆಯದು ಮತ್ತೆ ಪರದೇಶಕ್ಕೆ ಹೋಗುತ್ತಿರುತ್ತದೆ.

ಅಲ್ಲಿ ಇನ್ನೊಂದು ಚೀಟಿ ಹೊರಬಂದಿತು. ಬರೆದವನು ಬ್ಯಾಡಗಿ ಕಡೆಯ ರೈತನ ಮಗ: “ಅಲ್ಲಿ ಮಾಲಿನ ದರ ಯಾರು ಕಟ್ಟತಾರ?” ತನ್ನ ತೋಟದ ತರಕಾರಿಯನ್ನು ತಾನೇ ಮಾರುತ್ತಿದ್ದ ವೃದ್ಧನೊಬ್ಬನನ್ನು ನಮ್ಮವರು ವಿಚಾರಿಸಿದರು. ಆತನು ಮಾತಾಡದೆ ತನ್ನ ಹಲಗೆಯನ್ನೂ ಸೀಮೆಸುಣ್ಣವನ್ನೂ ತೋರಿಸಿದನು. ಬ್ಯಾಡಗಿಯ ಅಂಗಳದಲ್ಲಿ ಚೀಲ ಇಳಿಸಿದ ರೈತನು ಖರೀದಿದಾರರ ಟೆಂಡರಿಗಾಗಿ ಕಾಯುತ್ತಾನೆ. ಬರೆಯುವ ಕೈ ಅವನದಲ್ಲ. ಸಣ್ಣ ಸಂತೆಯನ್ನೂ ಲಕ್ಷಾಂತರ ಚೀಲಗಳ ಪೇಟೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದೆಂಬುದು ನಿಜ. ಆದರೂ ಪ್ರಶ್ನೆ ಪ್ರಶ್ನೆಯೇ. ಮರುವರ್ಷ, 2024ರ ಮಾರ್ಚ್ 11ರಂದು, ದರ ಕುಸಿದುದರಿಂದ ರೊಚ್ಚಿಗೆದ್ದ ಜನ ಬ್ಯಾಡಗಿಯ ಕೃಷಿ ಮಾರುಕಟ್ಟೆಯ ಕಚೇರಿಯ ಮೇಲೆ ಕಲ್ಲು ತೂರಿ ವಾಹನಗಳಿಗೆ ಬೆಂಕಿ ಹಚ್ಚಿದ ಸುದ್ದಿಯನ್ನು ಓದಿದಾಗ, ಆ ಚೀಟಿಯಲ್ಲಿದ್ದ ಐದು ಶಬ್ದಗಳ ತೂಕ ನನಗೆ ಮತ್ತೆ ತಿಳಿಯಿತು.

ಅಪರಾಹ್ನ ಥೇಮ್ಸ್ ನದಿಯ ದಕ್ಷಿಣ ದಡದ ಕಾಲುದಾರಿಯನ್ನು ಹಿಡಿದೆವು. ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ ಒಂಬತ್ತಾದರೂ ಬೆಳಕು ಆರುವುದಿಲ್ಲ, ಆದ್ದರಿಂದ ಅವಸರವಿರಲಿಲ್ಲ. ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿದೊಡನೆ ಸೇಂಟ್ ಥಾಮಸ್ ಆಸ್ಪತ್ರೆ. ಫ್ಲಾರೆನ್ಸ್ ನೈಟಿಂಗೇಲಳು 1860ರಲ್ಲಿ ದಾದಿಯರ ಶಾಲೆ ತೆರೆದದ್ದು ಆ ಆಸ್ಪತ್ರೆಗೆ ಸೇರಿದಂತೆ. ಅದರ ಹಿಂದಿನ ಗೋಡೆಯ ಉದ್ದಕ್ಕೂ ಕೆಂಪು ಹೃದಯದ ಚಿತ್ರಗಳು. ಕೋವಿಡ್ ಮಹಾಮಾರಿಗೆ ತುತ್ತಾದವರ ಬಂಧುಗಳು 2021ರ ವಸಂತದಲ್ಲಿ ಒಬ್ಬೊಬ್ಬ ಮೃತರಿಗೆ ಒಂದೊಂದರಂತೆ ಕೈಯಿಂದ ಬರೆಯತೊಡಗಿದ ಚಿತ್ರಗಳವು. ಸುಮಾರು ಅರ್ಧ ಕಿಲೋಮೀಟರ್ ಉದ್ದದ ಗೋಡೆಯಲ್ಲಿ ಹೆಸರುಗಳನ್ನು ಓದುತ್ತ ನಡೆದೆವು. ನಮ್ಮ ದೇಶದ ಹೆಸರುಗಳೂ ಕಂಡವು. ಬೆಳಿಗ್ಗೆ ಹಡಗುಗಳ ನಷ್ಟದ ಪುಸ್ತಕವನ್ನು ಕಂಡಿದ್ದೆವು. ಸಂಜೆ ಯಾವ ವಿಮೆಯೂ ತುಂಬಿಕೊಡಲಾರದ ನಷ್ಟದ ಪುಸ್ತಕವನ್ನು ಕಂಡೆವು. ಆ ಎರಡು ವರ್ಷಗಳಲ್ಲಿ ತಂದೆಯನ್ನು ಕಳೆದುಕೊಂಡಿದ್ದ ವಿದ್ಯಾರ್ಥಿಯೊಬ್ಬನು ಅಲ್ಲಿ ಬಹಳ ಹೊತ್ತು ನಿಂತನು. ಉಳಿದವರು ಅವನನ್ನು ಕರೆಯದೆ ಕಾದರು.

ಲ್ಯಾಂಬೆತ್ ಸೇತುವೆಯ ಆಚೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಉದ್ಯಾನದಲ್ಲಿ ಬಸವೇಶ್ವರರ ಪ್ರತಿಮೆಯಿದೆ. ಕಲಬುರಗಿಯವರೂ ಲ್ಯಾಂಬೆತ್‌ನ ಮಾಜಿ ಮೇಯರರೂ ಆದ ಡಾ. ನೀರಜ್ ಪಾಟೀಲರ ಪರಿಶ್ರಮದಿಂದ ಸ್ಥಾಪನೆಗೊಂಡ ಅದನ್ನು 2015ರ ನವೆಂಬರ್ 14ರಂದು ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಅನಾವರಣ ಮಾಡಿದರು. ನದಿಯ ಆಚೆ ದಡದಲ್ಲಿ ಪಾರ್ಲಿಮೆಂಟಿನ ಗೋಪುರಗಳು ಕಾಣುತ್ತವೆ. ವಿದ್ಯಾರ್ಥಿಗಳು ಹೂ ಏರಿಸಿ, ಬಾಯಿಪಾಠವಿದ್ದ ವಚನಗಳನ್ನು ಹೇಳಿ, ಹುಲ್ಲಿನ ಮೇಲೆ ಕುಳಿತರು. ಆ ದಿನ ಕಂಡದ್ದನ್ನು ಊರಲ್ಲಿ ಕೇಳಿದ ಯಾವುದಾದರೊಂದು ಮಾತಿನೊಡನೆ ಜೋಡಿಸಿ ಹೇಳಿರೆಂದೆ. ಅಕ್ಕಿಆಲೂರಿನ ಕಡೆಯವನಾದ ಹುಡುಗನೊಬ್ಬನು ಆಯ್ದಕ್ಕಿ ಮಾರಯ್ಯನ ಕಥೆಯನ್ನು ಎತ್ತಿಕೊಂಡನು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದನು. ಲಕ್ಕಮ್ಮನು ಅದನ್ನು ಒಳಗೆ ತೆಗೆದುಕೊಳ್ಳದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಹಿಂದಕ್ಕೆ ಕಳಿಸಿದಳು. “ಇವತ್ತು ನೋಡಿದ ಯಾವ ಮನಿಯೊಳಗೂ ಹೆಚ್ಚಿಗಿಯಾತು, ಒಯ್ದು ಸುರವಿ ಬರ್ರಿ ಅನ್ನೂ ಲಕ್ಕಮ್ಮ ಇದ್ದಿದ್ದಿಲ್ರೀ ಸರ್” ಎಂದನು. ಕೆಲವರು ಒಪ್ಪಿದರು. ಹೆಚ್ಚು ತಂದವನಿದ್ದರೆ ತಾನೆ ಬ್ಯಾಂಕು, ಬಂದರು, ಆಸ್ಪತ್ರೆ ಆಗುವುದೆಂದು ಇನ್ನು ಕೆಲವರು ವಾದಿಸಿದರು. ಹೆಚ್ಚನ್ನು ಗಳಿಸುವುದು ತಪ್ಪಲ್ಲ, ಹೆಚ್ಚೆಂದು ಗುರುತಿಸುವ ಕಣ್ಣು ಇಲ್ಲದಿರುವುದೇ ತಪ್ಪು ಎಂದು ಬೋರಮಾಳದ ಹುಡುಗಿ ಹೇಳಿದಳು. ಪಠ್ಯಪುಸ್ತಕದಲ್ಲಿ ಮೂರು ವರ್ಷ ಕಲಿಸಿದರೂ ಆಗದ ಚರ್ಚೆಯು ಆ ಹುಲ್ಲಿನ ಮೇಲೆ ಒಂದು ಗಂಟೆ ನಡೆಯಿತು.

ಮರಳಿದ ಮೇಲೆ ಹೋದವರು ಉಳಿದವರಿಗೆ ಉತ್ತರಗಳನ್ನು ಒಪ್ಪಿಸಿದರು. ಆ ವಿದ್ಯಾರ್ಥಿನಿ ಪದವಿ ಮುಗಿಸಿ, ರೈತರ ಉತ್ಪಾದಕ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಸೇರಿ, ಎರಡು ವರ್ಷಗಳೊಳಗೆ ತಾಯಿಯ ಸರವನ್ನು ಬಿಡಿಸಿದಳು. ಇದು ಸಂತೋಷದ ಸಂಗತಿ. ಆದರೆ ಒತ್ತೆ ಇಡಲು ಬೋರಮಾಳವೂ ಇಲ್ಲದ ಮನೆಯ ಮಕ್ಕಳು ಚೀಟಿ ಬರೆದುಕೊಟ್ಟು ಹಿಂದೆ ಉಳಿದರೆಂಬುದೂ ಅಷ್ಟೇ ಸತ್ಯ. ಶ್ರೀಮಠದ ಪ್ರಸಾದದ ಪಂಕ್ತಿಯಲ್ಲಿ ಕುಳಿತು ಉಂಡ ನಾವು, ವಿದ್ಯೆಯ ಪಂಕ್ತಿಯಲ್ಲಿ ಕೊಡಬಲ್ಲವರಿಗೊಂದು ಎಲೆ, ಕೊಡಲಾರದವರಿಗೊಂದು ಮಾತು ಎಂಬ ಭೇದವನ್ನು ಹೇಗೆ ಸಹಿಸುವುದು?

ಆದ್ದರಿಂದ ಶಿಕ್ಷಕರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ, ದಾನಿಗಳಲ್ಲಿ ಎರಡು ಅರಿಕೆಗಳಿವೆ. ಮೊದಲನೆಯದು, ನಮ್ಮ ಶಾಲೆಯ ಪ್ರತಿಯೊಂದು ಮಗುವೂ ವರ್ಷಕ್ಕೆ ಒಂದು ದಿನ ಪೇಟೆಯನ್ನು ಕಾಣಲಿ. ಬೆಳಿಗ್ಗೆ ಬ್ಯಾಡಗಿಯ ಮೆಣಸಿನಕಾಯಿ ಅಂಗಳ, ಮಧ್ಯಾಹ್ನ ಒಂದು ಅಕ್ಕಿಯ ಗಿರಣಿ ಮತ್ತು ಸಹಕಾರಿ ಸಂಘ, ಸಂಜೆ ಹಾನಗಲ್ಲಿನ ತಾರಕೇಶ್ವರ ದೇವಾಲಯದ ಕಮಲದ ಭುವನೇಶ್ವರಿ. ಇದಕ್ಕೆ ಬೇಕಾಗುವುದು ಬಸ್ಸಿನ ಬಾಡಿಗೆ ಮತ್ತು ಬುತ್ತಿ ಮಾತ್ರ. ಎರಡನೆಯದು, ದೂರದೇಶಕ್ಕೆ ಹೋಗಬಲ್ಲ ಪ್ರತಿಭೆಯುಳ್ಳ ಬಡ ಮಕ್ಕಳಿಗಾಗಿ ಶ್ರೀಮಠದಲ್ಲಿ ಒಂದು ನಿಧಿ ಸ್ಥಾಪನೆಯಾಗಲಿ. ಅದರಿಂದ ನೆರವು ಪಡೆದವರು ದುಡಿಯತೊಡಗಿದ ಮೇಲೆ ಪಡೆದಷ್ಟನ್ನು ಬಡ್ಡಿಯಿಲ್ಲದೆ ಮರಳಿಸಲಿ; ಮುಂದಿನವರು ಅದರಿಂದ ಹೋಗಲಿ. ಲೆಕ್ಕವನ್ನು ಪ್ರತಿ ವರ್ಷ ಈ ಸಂಚಿಕೆಯಲ್ಲಿಯೇ ಅಚ್ಚು ಹಾಕಿಸಿದರೆ ಭಂಡಾರಿ ಬಸವಣ್ಣನವರ ಪರಂಪರೆಗೆ ಒಪ್ಪುವ ಕೆಲಸವಾಗುತ್ತದೆ.

ಆ ನಿಧಿಗೆ ನನ್ನ ಒಂದು ತಿಂಗಳ ಸಂಬಳವನ್ನು ಈ ಲೇಖನದೊಂದಿಗೆ ಪೂಜ್ಯರ ಸನ್ನಿಧಿಗೆ ಕಳಿಸಿದ್ದೇನೆ. ಮೊತ್ತ ಸಣ್ಣದು, ಆದರೆ ಮೊದಲ ಪುಟದಲ್ಲಿ ಏನಾದರೂ ಬರೆದಿದ್ದರೆ ಎರಡನೆಯ ಹೆಸರು ಬರೆಯುವುದು ಸುಲಭ.